ಟವರ್ ಇದೆ, ಕಡ್ಡಿನೂ ಇದೆ, ನೆಟ್ ಎಲ್ಲೋಯ್ತು?

ದಸರಾ ಮುಗಿದ ಮೇಲೆ ಬಂದಿರೋ ಕಾಗದ, ವಾಟ್ಸಾಪ್ ಮೆಸೇಜುಗಳಲ್ಲಿ ಅರ್ಧಕ್ಕರ್ಧ ಮೊಬೈಲ್ ನೆಟ್‌ವರ್ಕ್ ಬಗ್ಗೆನೇ ಇದಾವೆ, ಹಾಗಾಗಿ ಈ ಸಲ ಗುಲಾಬಿ ಗಿಡ, ಬ್ಯಾಂಕ್ ಸಾಲದ ಪ್ರಶ್ನೆಗಳನ್ನ ಪಕ್ಕಕ್ಕಿಟ್ಟು ಇದೊಂದನ್ನೇ ತಗೊಂಡಿದೀನಿ. ಕಂಪನಿ ಹೆಸರು ಹಾಕಿ ಬೈದಿರೋ ಸಾಲುಗಳನ್ನ ತೆಗೆದಿದೀನಿ, ಬೇಜಾರು ಮಾಡ್ಕೋಬೇಡಿ, ಬೈಗುಳ ಚೆನ್ನಾಗೇ ಇದ್ವು.

ಪ್ರಶ್ನೆ: ಸಾರ್, ಜಂಬೂಸವಾರಿ ದಿನ ಕೆ.ಆರ್. ಸರ್ಕಲ್ ಹತ್ರ ನಿಂತಿದ್ವಿ. ಫೋನಲ್ಲಿ 5ಜಿ ಅಂತ ಫುಲ್ ಕಡ್ಡಿ ತೋರಿಸ್ತಿತ್ತು, ಆದ್ರೆ ಆನೆ ಫೋಟೋ ಒಂದೂ ಹೋಗ್ಲಿಲ್ಲ. ಫೋನು ಸುಳ್ಳು ಹೇಳುತ್ತಾ?
— ಕಾಲೇಜು ವಿದ್ಯಾರ್ಥಿನಿ, ಸರಸ್ವತಿಪುರಂ, ಮೈಸೂರು

ಉತ್ತರ: ಸುಳ್ಳೇನಿಲ್ಲಮ್ಮ, ನೀವು ಕೇಳಿದ್ದು ಒಂದು, ಅದು ಹೇಳಿದ್ದು ಇನ್ನೊಂದು. ಆ ಕಡ್ಡಿಗಳು ತೋರಿಸೋದು ಟವರಿನ ಸಿಗ್ನಲ್ ನಿಮ್ಮ ಹತ್ರ ಎಷ್ಟು ಜೋರಾಗಿ ಬರ್ತಿದೆ ಅನ್ನೋದನ್ನ ಮಾತ್ರ, ಆ ಟವರಲ್ಲಿ ನಿಮ್ಮ ಪಾಲಿಗೆ ಜಾಗ ಎಷ್ಟು ಉಳಿದಿದೆ ಅನ್ನೋದನ್ನಲ್ಲ. ನಮ್ಮಲ್ಲಿ 5ಜಿ ಹೆಚ್ಚಾಗಿ ಓಡೋದು 3.3 ಗಿಗಾಹರ್ಟ್ಜ್ ಬ್ಯಾಂಡಲ್ಲಿ, ಬ್ಯಾಂಡ್ ಅಂದ್ರೆ ರೇಡಿಯೋ ಅಲೆಗಳ ಒಂದು ಪಟ್ಟಿ, ದೊಡ್ಡ ಕಂಪನಿಗಳ ಹತ್ರ ಅದರಲ್ಲಿ 100 ಮೆಗಾಹರ್ಟ್ಜ್ ಅಗಲದ ಜಾಗ ಇದೆ. ಅಷ್ಟನ್ನೇ ಆ ಟವರಿನ ಆ ದಿಕ್ಕಲ್ಲಿ ನಿಂತಿರೋ ಎಲ್ಲರೂ ಹಂಚ್ಕೋಬೇಕು. ಅದರ ಮೇಲೆ ಇನ್ನೊಂದಿದೆ, ಈ ಬ್ಯಾಂಡಲ್ಲಿ ಕಳಿಸೋದಕ್ಕೂ ಪಡೆಯೋದಕ್ಕೂ ಒಂದೇ ಫ್ರೀಕ್ವೆನ್ಸಿ, ಸರದಿ ಮೇಲೆ ಬಳಸ್ತಾರೆ, ಆ ಸರದಿಯಲ್ಲಿ ಹೆಚ್ಚು ಪಾಲು ಡೌನ್‌ಲೋಡಿಗೇ ಇಟ್ಟಿರ್ತಾರೆ, ಯಾಕಂದ್ರೆ ವರ್ಷವಿಡೀ ಜನ ನೋಡೋದೇ ಜಾಸ್ತಿ, ಕಳಿಸೋದು ಕಮ್ಮಿ. ಅಂಬಾರಿ ಬಂದಾಗ ಮಾತ್ರ ಉಲ್ಟಾ, ಸಯ್ಯಾಜಿರಾವ್ ರಸ್ತೇಲಿ ನಿಂತಿರೋರೆಲ್ಲ ಒಂದೇ ನಿಮಿಷದಲ್ಲಿ ವಿಡಿಯೋ ಕಳಿಸೋಕೆ ಕೂತ್ಕೋತಾರೆ. ನಿಮ್ಮ ಫೋನಿನ ಟ್ರಾನ್ಸ್‌ಮಿಟರ್ ಶಕ್ತಿನೂ ಸಾಮಾನ್ಯವಾಗಿ 200 ಮಿಲಿವ್ಯಾಟ್ ಆಸುಪಾಸು ಅಷ್ಟೇ. ಇಷ್ಟು ಅಗಲದ ಬ್ಯಾಂಡಲ್ಲಿ, ಇಷ್ಟು ಗಲಾಟೆ ಮಧ್ಯೆ ಇಷ್ಟೇ ಡೇಟಾ ಹೋಗೋಕೆ ಸಾಧ್ಯ ಅಂತ ಅಮೆರಿಕದ ಗಣಿತಜ್ಞ ಕ್ಲಾಡ್ ಶಾನನ್ 1948ರಲ್ಲೇ ಲೆಕ್ಕ ಹಾಕಿ ಇಟ್ಟುಬಿಟ್ಟಿದಾರೆ, ಆ ಗೆರೆ ದಾಟೋಕೆ ಯಾವ ಕಂಪನಿ ಜಾಹೀರಾತಿಗೂ ಆಗಲ್ಲ.

ಹಾಗಂತ ಏನೂ ಮಾಡೋಕಾಗಲ್ಲ ಅಂತಲ್ಲ. ಜಾತ್ರೆ, ಮೆರವಣಿಗೆಗೆ ಲಾರಿ ಮೇಲೆ ಟವರ್ ತಂದು ನಿಲ್ಲಿಸ್ತಾರೆ, ಕಂಬಗಳ ಮೇಲೆ ಸಣ್ಣ ಸಣ್ಣ ಸೆಲ್, ಅಂದ್ರೆ ಮರಿ ಟವರ್, ಹಾಕ್ತಾರೆ, ಒಂದು ಬ್ಯಾಂಡಲ್ಲಿ ರಶ್ ಆದ್ರೆ ಸಾಫ್ಟ್‌ವೇರ್ ನಿಮ್ಮನ್ನ ಇನ್ನೊಂದು ಬ್ಯಾಂಡಿಗೆ ತಳ್ಳುತ್ತೆ. ಆದ್ರೆ ಲಾರಿ ತಂದು ನಿಲ್ಲಿಸಿದ್ರೆ ಆಯ್ತಾ, ಅದರ ಹಿಂದೆ ಡೇಟಾ ಹೊತ್ಕೊಂಡು ಹೋಗೋ ದಾರಿ ಬೇಕಲ್ಲ, ಅಲ್ಲೇ ಇರೋದು ಅಸಲಿ ಕಥೆ. ಮುಂದಿನ ಪ್ರಶ್ನೆ ಅದೇ. ಅಂದಹಾಗೆ ಮುಂದಿನ ದಸರಾಕ್ಕೆ, ಫೋಟೋ ಹೋಗ್ದೇ ಇದ್ರೆ ಸೆಟ್ಟಿಂಗಲ್ಲಿ 4ಜಿಗೆ ಹಾಕಿ ನೋಡಿ, ಎಲ್ಲರೂ 5ಜಿಗೆ ಮುಗಿಬಿದ್ದಾಗ ಕೆಲವು ಸಲ ಹಳೇದರಲ್ಲೇ ಜಾಗ ಸಿಗುತ್ತೆ.

ಪ್ರಶ್ನೆ: ಸಾಮಿ, ನಮ್ಮ ಹಿಪ್ಪುನೇರಳೆ ತೋಟದ ಪಕ್ಕದಲ್ಲೇ ಟವರ್ ಐತೆ, ಬಾಡಿಗೆ ಪಕ್ಕದ ತೋಟದೋನಿಗೆ ಹೋಯ್ತದೆ ಅದು ಬುಡಿ. ಗೂಡಿನ ರೇಟು ನೋಡಾಣ ಅಂದ್ರೆ ಸುತ್ತುತಾನೇ ಇರ್ತದೆ. ಮಂಡ್ಯಕ್ಕೋದ್ರೆ ಸರಾಗವಾಗಿ ಬತ್ತದೆ. ಟವರ್ ಪಕ್ಕದಲ್ಲಿರೋನಿಗೇ ಹಿಂಗಾದ್ರೆ ಹೆಂಗೆ?
— ರೇಷ್ಮೆ ಬೆಳೆಗಾರರು, ಮಳವಳ್ಳಿ ತಾಲ್ಲೂಕು

ಉತ್ತರ: ನಾಳೆ ಸೊಪ್ಪು ಕುಯ್ಯೋಕೆ ಹೋದಾಗ ತಲೆಯೆತ್ತಿ ಟವರನ್ನ ಸರಿಯಾಗಿ ನೋಡಿ ಯಜಮಾನ್ರೇ. ಉದ್ದುದ್ದ ಚಪ್ಪಟೆ ಪೆಟ್ಟಿಗೆಗಳು ಕಾಣ್ತವಲ್ಲ, ಅವು ನಿಮ್ಮ ಫೋನ್ ಹತ್ರ ಮಾತಾಡೋ ಆಂಟೆನಾ. ಅದರ ಜೊತೆ ದುಂಡನೆಯ ಬಿಳಿ ಡಿಶ್ ಇದ್ದು ಅದು ದೂರದ ಇನ್ನೊಂದು ಟವರ್ ಕಡೆಗೆ ಮುಖ ಮಾಡ್ಕೊಂಡಿದ್ರೆ, ಅದು ಮೈಕ್ರೋವೇವ್ ಲಿಂಕು. ಬರೀ ಅದೇ ಗತಿ ಅಂದ್ರೆ ನಿಮ್ಮ ಟವರಿಗೆ ಫೈಬರ್ ಬಂದಿಲ್ಲ, ಡೇಟಾ ಗಾಳಿಯಲ್ಲೇ ಇನ್ನೊಂದು ಟವರಿಗೆ, ಅಲ್ಲಿಂದ ಮತ್ತೊಂದಕ್ಕೆ ಹಾರ್ಕೊಂಡು ಹೋಗ್ತಿದೆ. ಹಳೇ ಮೈಕ್ರೋವೇವ್ ಬ್ಯಾಂಡುಗಳಲ್ಲಿ ಒಂದು ಲಿಂಕ್ ಹೊರೋದು ಕೆಲವು ನೂರು ಎಂಬಿಪಿಎಸ್, ಅದನ್ನೇ ದಾರೀಲಿರೋ ಎಲ್ಲಾ ಟವರುಗಳೂ ಹಂಚ್ಕೋತಾವೆ, ಆದ್ರೆ ಒಂದು 5ಜಿ ಟವರಿನ ಒಂದು ದಿಕ್ಕಿನ ಆಂಟೆನಾನೇ ಒಂದು ಗಿಗಾಬಿಟ್, ಅಂದ್ರೆ ಸಾವಿರ ಎಂಬಿಪಿಎಸ್, ದಾಟಬಲ್ಲದು. ನಿಮ್ಮ ಫೋನಿಂದ ಟವರ್‌ವರೆಗೆ ಜಾಗ ಖಾಲಿ ಇದ್ದೂ ಟವರ್ ಹಿಂದೆ ಕಟ್ಕೊಂಡು ನಿಂತಿರುತ್ತೆ. 70-80 ಗಿಗಾಹರ್ಟ್ಜಿನ ಹೊಸ ಲಿಂಕುಗಳು 10 ಗಿಗಾಬಿಟ್‌ವರೆಗೂ ಹೊರ್ತವೆ, ನಿಜ, ಆದ್ರೆ ಕೆಲವೇ ಕಿಲೋಮೀಟರ್ ದೂರಕ್ಕೆ, ಮತ್ತೆ ಜೋರು ಮಳೆ ಬಂದ್ರೆ ಸೊರಗ್ತವೆ.

ಫೈಬರ್ ಕಥೆ ಬೇರೆ. 125 ಮೈಕ್ರಾನ್ ದಪ್ಪದ ಗಾಜಿನ ಎಳೆ, ಅದರೊಳಗೆ ಬೆಳಕು ಓಡೋ ಜಾಗ ಬರೀ 9 ಮೈಕ್ರಾನ್ ಅಷ್ಟು. 1966ರಲ್ಲಿ ಚಾರ್ಲ್ಸ್ ಕಾವೋ ಮತ್ತು ಜಾರ್ಜ್ ಹಾಕಮ್ ಅನ್ನೋ ಎಂಜಿನಿಯರುಗಳು, ಗಾಜನ್ನ ಚೆನ್ನಾಗಿ ಶುದ್ಧ ಮಾಡಿ ಕಿಲೋಮೀಟರಿಗೆ 20 ಡೆಸಿಬೆಲ್‌ಗಿಂತ ಕಮ್ಮಿ ನಷ್ಟಕ್ಕೆ ಇಳಿಸಿದ್ರೆ ಇದರಲ್ಲಿ ಮಾತು ಕಳಿಸಬಹುದು ಅಂದ್ರು. 20 ಡೆಸಿಬೆಲ್ ಅಂದ್ರೆ ಒಂದು ಕಿಲೋಮೀಟರಿಗೆ ನೂರರಲ್ಲಿ ಒಂದು ಪಾಲು ಬೆಳಕು ಉಳಿಯೋದು, ಅಷ್ಟು ಸಿಕ್ಕಿದ್ರೆ ಸಾಕು ಅನ್ನೋ ಕಾಲ ಅದು. 1970ರಲ್ಲಿ ಕಾರ್ನಿಂಗ್ ಕಂಪನಿ ಅದನ್ನ ಮಾಡಿ ತೋರಿಸ್ತು. ಈಗಿನ ಎಳೆಗಳಲ್ಲಿ ನಷ್ಟ 0.2 ಡೆಸಿಬೆಲ್ ಹತ್ರ, ಅಂದ್ರೆ 15 ಕಿಲೋಮೀಟರ್ ಹೋದ್ಮೇಲೂ ಅರ್ಧ ಬೆಳಕು ಉಳಿದಿರುತ್ತೆ. ಕಾವೋಗೆ ನೊಬೆಲ್ ಬಂದಿದ್ದು 2009ರಲ್ಲಿ, ತಡ ಆಯ್ತು ಅನ್ನೋದು ನನ್ನ ಅಭಿಪ್ರಾಯ. ಮಂಡ್ಯದಲ್ಲಿ ನಿಮಗೆ ಸರಾಗವಾಗಿ ಬರೋದು ಪಟ್ಟಣದ ಟವರುಗಳ ಬುಡಕ್ಕೆ ಈ ಎಳೆ ಬಂದು ಸೇರಿರೋದಕ್ಕೆ. ವೈರ್‌ಲೆಸ್ ಅಂತ ಹೆಸರಿಗೆ ಹೇಳ್ತೀವಿ, ನಿಮ್ಮ ಫೋನಿಂದ ಟವರ್‌ವರೆಗಿನ ಒಂದೆರಡು ಕಿಲೋಮೀಟರ್ ಮಾತ್ರ ವೈರ್ ಇಲ್ಲದ್ದು, ಫೈಬರ್ ಬಂದಿರೋ ಕಡೆ ಮಿಕ್ಕಿದ್ದೆಲ್ಲ ಗಾಜೇ.

ಪ್ರಶ್ನೆ: ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಈಗ ಫೈಬರ್ರು, ವೈರ್‌ಲೆಸ್ಸು ಎರಡನ್ನೂ ಸಾಫ್ಟ್‌ವೇರೇ ನಡೆಸುತ್ತೆ, ಅದರಿಂದ ಸ್ಪೀಡು ಜಾಸ್ತಿ ಅಂತ ಓದುತ್ತಿದ್ದೇನೆ. ನಮ್ಮ ಕಾಲದ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜಿನಲ್ಲೂ ಸಾಫ್ಟ್‌ವೇರ್ ಇತ್ತಲ್ಲ ಸ್ವಾಮಿ, ಹೊಸದೇನು?
— ಹಿರಿಯ ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಇತ್ತು ಸಾರ್, ಖಂಡಿತ ಇತ್ತು. 1984ರಲ್ಲಿ ಶುರುವಾದ ಸರ್ಕಾರಿ ಟೆಲಿಕಾಂ ಸಂಶೋಧನಾ ಸಂಸ್ಥೆ ಸಿ-ಡಾಟ್ ಮಾಡಿದ ಹಳ್ಳಿ ಎಕ್ಸ್‌ಚೇಂಜುಗಳನ್ನ ನೀವೇ ನೋಡಿರ್ತೀರ, ಅದರೊಳಗೂ ಪ್ರೋಗ್ರಾಮೇ ಓಡ್ತಿತ್ತು. ಆದ್ರೆ ಆಯಾ ಡಬ್ಬದ ಬುದ್ಧಿ ಆಯಾ ಡಬ್ಬದೊಳಗೇ ಇತ್ತು. ಆಮೇಲೆ ಬಂದ ಇಂಟರ್ನೆಟ್ ರೌಟರುಗಳೂ ಹಾಗೇನೇ, ಪಕ್ಕದ ರೌಟರುಗಳ ಹತ್ರ ವಿಚಾರಿಸ್ಕೊಂಡು ಡೇಟಾ ಯಾವ ಕಡೆ ಕಳಿಸ್ಬೇಕು ಅಂತ ಪ್ರತಿಯೊಂದೂ ತಾನೇ ತೀರ್ಮಾನ ಮಾಡುತ್ತೆ, ಹತ್ತಿರದ ದಾರಿ ಯಾವುದು ಅಂತ ಅದಕ್ಕೆ ಗೊತ್ತು, ಆ ದಾರೀಲಿ ಈಗ ಎಷ್ಟು ರಶ್ ಇದೆ ಅನ್ನೋದು ಸಾಮಾನ್ಯವಾಗಿ ಗೊತ್ತಿರಲ್ಲ. ಕೆಆರ್‌ಎಸ್ ನಾಲೆ ನೆನಪಿಸ್ಕೊಳ್ಳಿ, ಪ್ರತಿ ತೂಬಿನ ನೀರುಗಂಟಿ ತನ್ನ ಕಣ್ಣಳತೆಯ ಗದ್ದೆ ನೋಡ್ಕೊಂಡು ತೂಬು ಎತ್ತೋದು ಒಂದು ಪದ್ಧತಿ, ಇಡೀ ಅಚ್ಚುಕಟ್ಟಿನ ಲೆಕ್ಕ ಒಂದೇ ಕಡೆ ಇಟ್ಕೊಂಡು ಇವತ್ತು ಈ ನಾಲೆಗೆ, ನಾಳೆ ಆ ನಾಲೆಗೆ ಅಂತ ಕಟ್ಟು ಪದ್ಧತೀಲಿ ಬಿಡೋದು ಇನ್ನೊಂದು. ಎರಡನೇದೇ ಈಗ ನೆಟ್‌ವರ್ಕಿಗೆ ಬಂದಿರೋದು. ಡಬ್ಬಗಳು ಹೇಳಿದ ಕಡೆ ಡೇಟಾ ದಾಟಿಸ್ತವೆ, ಯೋಚನೆ ಮಾಡೋದು ಕಂಟ್ರೋಲರ್ ಅನ್ನೋ ಸಾಫ್ಟ್‌ವೇರು, ಅದು ಯಾವುದೋ ಸರ್ವರಲ್ಲಿ ಕೂತಿರುತ್ತೆ.

ಇದಕ್ಕೆ ದಾರಿ ಮಾಡಿದ್ದು ಓಪನ್‌ಫ್ಲೋ ಅನ್ನೋ ಪದ್ಧತಿ, ಸ್ಟ್ಯಾನ್‌ಫರ್ಡಿನ ನಿಕ್ ಮೆಕ್‌ಕಿಯೋನ್ ಮತ್ತು ಜೊತೆಗಾರರು 2008ರಲ್ಲಿ ಮುಂದಿಟ್ಟಿದ್ದು. ಗೂಗಲ್ ತನ್ನ ಡೇಟಾ ಸೆಂಟರುಗಳನ್ನ ಜೋಡಿಸೋ ಬಿ4 ಅನ್ನೋ ನೆಟ್‌ವರ್ಕನ್ನ ಹೀಗೇ ನಡೆಸ್ತಿದೀವಿ ಅಂತ 2013ರಲ್ಲಿ ಬರೀತು. ದೂರದ ಲಿಂಕುಗಳನ್ನ ಸಾಮಾನ್ಯವಾಗಿ 30-40 ಪರ್ಸೆಂಟ್ ಮಾತ್ರ ತುಂಬಿಸ್ತಾರೆ, ಮಿಕ್ಕಿದ್ದು ಯಾವತ್ತೋ ಆಪತ್ತಿಗೆ ಅಂತ ಖಾಲಿ. ಗೂಗಲ್‌ನೋರು ಕಂಟ್ರೋಲರ್ ಕೈಗೆ ಕೊಟ್ಟ ಮೇಲೆ ಎಷ್ಟೋ ಲಿಂಕುಗಳನ್ನ ನೂರರ ಹತ್ರಕ್ಕೆ ತುಂಬಿಸಿದ್ರು. ನೆಲ ಅಗೆಯದೇ ಸಿಕ್ಕ ಲಾಭ ಅದು.

ಈಗ ಮೊಬೈಲಿಗೆ ಬನ್ನಿ. ನಿಮಗೆ ಗೊತ್ತಿರೋ ಹಾಗೆ ಕಂಪನಿಗಳಲ್ಲಿ ರೇಡಿಯೋ ಟೀಮೇ ಬೇರೆ, ಫೈಬರ್ ನೋಡೋ ಟ್ರಾನ್ಸ್‌ಮಿಷನ್ ಟೀಮೇ ಬೇರೆ, ಇಬ್ಬರ ಸಾಫ್ಟ್‌ವೇರೂ ಬೇರೆ. ಟವರಿನ ಆಂಟೆನಾದಲ್ಲಿ ರಶ್ ಅಂತ ರೇಡಿಯೋ ಕಡೆಗೆ ಗೊತ್ತಾಗುತ್ತೆ, ಫೈಬರ್ ಕಡೆಗೆ ಗೊತ್ತಾಗಲ್ಲ. ಬೆಳಗ್ಗೆ ಹೊತ್ತು ಜನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ, ರಾತ್ರಿ ವಿಜಯನಗರ, ಬೋಗಾದಿ ಮನೆಗಳಲ್ಲಿ ಅಂದ್ಕೊಳ್ಳಿ, ಎರಡೂ ಕಡೆ ಇಡೀ ದಿನಕ್ಕಾಗುವಷ್ಟು ಕಟ್ಟಿಟ್ರೆ ಅರ್ಧ ಹೊತ್ತು ದಂಡ. ಎರಡನ್ನೂ ನೋಡೋ ಒಂದು ಕಂಟ್ರೋಲರ್ ಇದ್ರೆ, ಬೇಸ್‌ಬ್ಯಾಂಡ್ ಲೆಕ್ಕಾಚಾರ, ಅಂದ್ರೆ ಡೇಟಾನ ಸಿಗ್ನಲ್ಲಾಗಿ, ಸಿಗ್ನಲ್ಲನ್ನ ಡೇಟಾ ಆಗಿ ಬದಲಾಯಿಸೋ ಲೆಕ್ಕ, ಮಾಡೋ ಮಿಷಿನ್ನುಗಳನ್ನ ಟವರಿಂದ ಕೆಳಗಿಳಿಸಿ ಒಂದೇ ಕಟ್ಟಡದಲ್ಲಿ ಗುಡ್ಡೆ ಹಾಕಿ, ಹೊತ್ತಿಗೆ ತಕ್ಕ ಹಾಗೆ ಆ ಕಡೆಯೋ ಈ ಕಡೆಯೋ ಕೊಡಬಹುದು. ಇದಕ್ಕೂ ಒಂದು ಅಳತೆ ಇದೆ, ಆಂಟೆನಾಗೂ ಆ ಮಿಷಿನ್ನಿಗೂ ನಡುವೆ ತಡ ಸುಮಾರು 100 ಮೈಕ್ರೋಸೆಕೆಂಡ್ ಮೀರಬಾರದು, ಫೈಬರಲ್ಲಿ ಬೆಳಕಿಗೆ ಕಿಲೋಮೀಟರಿಗೆ 5 ಮೈಕ್ರೋಸೆಕೆಂಡ್ ಬೇಕು, ಅಂದ್ರೆ 20 ಕಿಲೋಮೀಟರ್ ಒಳಗೇ ಇರ್ಬೇಕು. ಮೈಸೂರಿನ ಟವರುಗಳಿಗೆ ಮೈಸೂರಲ್ಲೇ ಕೂರಿಸ್ಬೇಕು, ಬೆಂಗಳೂರಲ್ಲಿ ಕೂರಿಸೋಕಾಗಲ್ಲ.

ನನಗೆ ಇದರಲ್ಲಿ ತುಂಬಾ ಇಷ್ಟ ಆಗಿರೋ ಭಾಗ ಇನ್ನೊಂದಿದೆ, ಸ್ವಲ್ಪ ತಾಳ್ಮೆಯಿಂದ ಓದಿ. ಮನೆಮನೆಗೆ ಬರೋ ಫೈಬರ್ ಇದೆಯಲ್ಲ, ಅದು ಎಕ್ಸ್‌ಚೇಂಜಿನ ಓಎಲ್‌ಟಿ ಅನ್ನೋ ಡಬ್ಬದಿಂದ ಒಂದೇ ಎಳೆಯಾಗಿ ಹೊರಟು, ದಾರೀಲಿ ಸ್ಪ್ಲಿಟರ್ ಮೂಲಕ 32 ಅಥವಾ 64 ಮನೆಗೆ ಒಡೆಯುತ್ತೆ. ಇದರ ಹಳೇ ಪದ್ಧತಿ ಜಿಪಾನಲ್ಲಿ ಕೆಳಗಡೆಗೆ, ಅಂದ್ರೆ ಮನೆ ಕಡೆಗೆ, 2.5 ಗಿಗಾಬಿಟ್, ಮೇಲ್ಗಡೆಗೆ 1.25, ಹೊಸದರಲ್ಲಿ ಎರಡೂ ಕಡೆ 10. ಮೇಲೆ ಕಳಿಸೋವಾಗ ಎಲ್ಲರೂ ಒಟ್ಟಿಗೆ ಬೆಳಕು ಬಿಟ್ರೆ ಕಲಸಿಹೋಗುತ್ತೆ, ಅದಕ್ಕೆ ಮನೆ ಡಬ್ಬ ಮೊದಲು ನನ್ನ ಹತ್ರ ಇಷ್ಟಿದೆ ಅಂತ ಕೇಳುತ್ತೆ, ಓಎಲ್‌ಟಿ ನಿನ್ನ ಸರದಿ ಇಷ್ಟೊತ್ತಿಗೆ ಅಂತ ಹೇಳುತ್ತೆ, ಆಮೇಲೆ ಕಳಿಸೋದು. ಸಿನಿಮಾ ನೋಡೋರಿಗೆ ಇದು ಗೊತ್ತೂ ಆಗಲ್ಲ. ಆದ್ರೆ ಇದೇ ಅಗ್ಗದ ಫೈಬರಿಗೆ ಸಣ್ಣ 5ಜಿ ಸೆಲ್ ತಗುಲಿ ಹಾಕಿದ್ರೆ ಈ ಕೇಳೋದು ಹೇಳೋದರಲ್ಲೇ ಮಿಲಿಸೆಕೆಂಡುಗಟ್ಟಲೆ ಹೋಗುತ್ತೆ. ತಮಾಷೆ ಏನಂದ್ರೆ, ನಿಮ್ಮ ಫೋನು ಯಾವ ಕ್ಷಣಕ್ಕೆ ಎಷ್ಟು ಡೇಟಾ ಕಳಿಸುತ್ತೆ ಅನ್ನೋದು ಬೇಸ್ ಸ್ಟೇಷನ್ನಿಗೆ, ಅಂದ್ರೆ ಟವರಿನ ಮಿಷಿನ್ನಿಗೆ, ಮುಂಚೆನೇ ಗೊತ್ತು, ಯಾಕಂದ್ರೆ ಆ ಸರದಿ ಕೊಟ್ಟಿದ್ದೇ ಅದು! ಆ ಮಾಹಿತೀನ ಓಎಲ್‌ಟಿಗೆ ಮೊದಲೇ ದಾಟಿಸಿದ್ರೆ, ಡೇಟಾ ಬಂದು ಸೇರೋ ಹೊತ್ತಿಗೆ ಫೈಬರಲ್ಲೂ ಅದರ ಸರದಿ ರೆಡಿ ಇರುತ್ತೆ, ಕಾಯೋದೇ ಇಲ್ಲ. 2018ರಲ್ಲಿ ಹುಟ್ಟಿದ ಓ-ರಾನ್ ಅಲಯನ್ಸ್ ಅನ್ನೋ ಟೆಲಿಕಾಂ ಕಂಪನಿಗಳ ಒಕ್ಕೂಟ ಇದಕ್ಕೊಂದು ಸ್ಟ್ಯಾಂಡರ್ಡ್ ಮಾಡಿದೆ. ಹೊಸ ಗಾಜಿಲ್ಲ, ಹೊಸ ಫ್ರೀಕ್ವೆನ್ಸಿ ಇಲ್ಲ, ಇಬ್ಬರು ಮಾತಾಡ್ಕೊಂಡಿದ್ದಕ್ಕೆ ತಡ ಕಮ್ಮಿಯಾಯ್ತು.

ಇದೆಲ್ಲ ಒಂದೇ ದಿನ ಬರೋದಲ್ಲ, ಬಿಡಿಬಿಡಿಯಾಗಿ ಬರ್ತಿದೆ. ಒಂದು ಮಾತ್ರ ನೀವು ಒಪ್ತೀರ ಅನ್ಕೊಂಡಿದೀನಿ: ಕಂಟ್ರೋಲರ್ ಇರೋದನ್ನ ಹಂಚುತ್ತೆ, ಇಲ್ಲದ್ದನ್ನ ಹುಟ್ಟಿಸಲ್ಲ. ಮಳವಳ್ಳಿಯವರ ಟವರಿಗೆ ಫೈಬರ್ರೇ ಇಲ್ಲ ಅಂದ್ರೆ ಯಾವ ಸಾಫ್ಟ್‌ವೇರ್ ತಂದು ಏನು ಮಾಡೋದು.

ಪ್ರಶ್ನೆ: ಬ್ರೋ, 5ಜಿ ಫೋನ್ ತಗೊಂಡೆ, ಸ್ಪೀಡ್ ಟೆಸ್ಟಲ್ಲಿ 300 ಬರುತ್ತೆ, ಗೇಮಲ್ಲಿ ಪಿಂಗ್ ಮಾತ್ರ 90. ಯಾಕೆ?
— ಗೇಮ್ ಹುಚ್ಚಿನ ಹುಡುಗ, ಶ್ರೀರಂಗಪಟ್ಟಣ

ಉತ್ತರ: ಸ್ಪೀಡು ಬೇರೆ, ತಡ ಬೇರೆ ಕಣಪ್ಪ. ಪಿಂಗ್ ಅಂದ್ರೆ ಡೇಟಾ ಸರ್ವರಿಗೆ ಹೋಗಿ ಬರೋಕೆ ಹಿಡಿಯೋ ಮಿಲಿಸೆಕೆಂಡು. ಫೈಬರಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತೆ, ಬೆಂಗಳೂರಿಗೆ ಹೋಗಿ ಬರೋಕೆ ಒಂದೂವರೆ ಮಿಲಿಸೆಕೆಂಡೂ ಬೇಡ. ಗೇಮ್ ಸರ್ವರ್ ಸಿಂಗಾಪುರದಲ್ಲಿದ್ರೆ ಬರೀ ಓಟಕ್ಕೇ 30 ಮಿಲಿಸೆಕೆಂಡಿಗಿಂತ ಜಾಸ್ತಿ, ಅದನ್ನ ಯಾರೂ ಕಮ್ಮಿ ಮಾಡೋಕಾಗಲ್ಲ, ಹತ್ತಿರದ ಸರ್ವರ್ ಇದ್ರೆ ಸೆಟ್ಟಿಂಗಲ್ಲಿ ಆರಿಸ್ಕೋ. ಮಿಕ್ಕಿದ್ದು ಟವರಲ್ಲಿ, ದಾರೀಲಿ ಕ್ಯೂ ನಿಂತಿದ್ದು. ಮನೇಲಿ ವೈಫೈ ಮೇಲೆ ಆಡ್ತಿದ್ರೆ 2.4 ಬಿಟ್ಟು 5 ಗಿಗಾಹರ್ಟ್ಜಿಗೆ ಹಾಕು. ಮತ್ತೆ ಓದೋದೂ ಓದು, ನಿಮ್ಮಮ್ಮನೂ ಈ ಪತ್ರಿಕೆ ನೋಡ್ತಾರೆ.

ಪ್ರಶ್ನೆ: ರಸ್ತೆಗೆ ಜೆಸಿಬಿ ಬಂತು ಅಂದ್ರೆ ನಮ್ಮ ಅಂಗಡೀಲಿ ನೆಟ್ ಹೋಯ್ತು ಅಂತಲೇ. ಆಧಾರ್, ಪಹಣಿ ಪ್ರಿಂಟಿಗೆ ಬಂದೋರು ಬೈಕೊಂಡು ಹೋಯ್ತಾರೆ. ಈ ಸಾಫ್ಟ್‌ವೇರ್ ಕಂಟ್ರೋಲು ಅಂತಾರಲ್ಲ, ಕೇಬಲ್ ತುಂಡಾದಾಗ ಅದೇನೂ ಮಾಡಲ್ವಾ ಸಾರ್?
— ಜೆರಾಕ್ಸ್ ಅಂಗಡಿ ಮಾಲೀಕರು, ಮದ್ದೂರು

ಉತ್ತರ: ಮಾಡುತ್ತೆ, ಎರಡನೇ ದಾರಿ ಇದ್ರೆ. ಫೈಬರನ್ನ ರಿಂಗ್ ಥರ ಹಾಕಿದ್ರೆ ಒಂದು ಕಡೆ ತುಂಡಾದಾಗ ಡೇಟಾ ಇನ್ನೊಂದು ಕಡೆಯಿಂದ ಸುತ್ತಿ ಬರುತ್ತೆ, ಎಸ್‌ಡಿಎಚ್ ಅನ್ನೋ ಹಳೇ ಪದ್ಧತಿಯ ಫೈಬರ್ ರಿಂಗುಗಳಲ್ಲೇ 50 ಮಿಲಿಸೆಕೆಂಡ್ ಒಳಗೆ ಬದಲಾಗ್ಬೇಕು ಅನ್ನೋ ನಿಯಮ ಇತ್ತು, ಅಂಗಡೀಲಿ ಕೂತೋರಿಗೆ ಗೊತ್ತೂ ಆಗಲ್ಲ. ಕಂಟ್ರೋಲರ್ ಬಂದ ಮೇಲೆ ಇನ್ನೂ ಚೆನ್ನಾಗಿ, ಉಳಿದಿರೋ ದಾರೀಲಿ ಯಾವುದಕ್ಕೆ ಮೊದಲು ಜಾಗ ಕೊಡ್ಬೇಕು ಅಂತಲೂ ನೋಡುತ್ತೆ, ಫೈಬರ್ ಹೋದ ಟವರಿಗೆ ಮೈಕ್ರೋವೇವ್ ಲಿಂಕ್ ಇದ್ರೆ ಅದಕ್ಕೆ ತಿರುಗಿಸುತ್ತೆ. ಆದ್ರೆ ನಮ್ಮಲ್ಲಿ ಖರ್ಚು ಉಳಿಸೋಕೆ ಎರಡೂ ದಾರೀನ ಒಂದೇ ಗುಂಡಿಯಲ್ಲಿ ಇಳಿಸಿರೋ ಕಡೆ ಉಂಟು, ಕಾಗದದ ಮೇಲೆ ರಿಂಗು, ನೆಲದೊಳಗೆ ಒಂದೇ ಗೆರೆ, ಜೆಸಿಬಿ ಹಲ್ಲು ಎರಡನ್ನೂ ಒಟ್ಟಿಗೆ ಕಚ್ಚುತ್ತೆ. ನನ್ನನ್ನ ಕೇಳಿದ್ರೆ ಮದ್ದೂರಂಥ ಊರಿಗೆ ಬೇರೆ ರಸ್ತೇಲಿ ಬರೋ ಎರಡನೇ ಕೇಬಲ್ಲು ಹತ್ತು ಕಂಟ್ರೋಲರಿಗೆ ಸಮ.

ತುಂಡಾದ ಜಾಗ ಹುಡುಕೋದು ಈಗ ಕಷ್ಟ ಇಲ್ಲ, ಓಟಿಡಿಆರ್ ಅನ್ನೋ ಮೀಟರ್ ಬೆಳಕಿನ ಮಿಣುಕು ಬಿಟ್ಟು ಅದು ವಾಪಸ್ ಬರೋ ಹೊತ್ತು ನೋಡಿ ಇಷ್ಟು ದೂರದಲ್ಲಿ ಕಟ್ ಆಗಿದೆ ಅಂತ ಹೇಳುತ್ತೆ. ಎಳೆ ಎಳೆ ಹುಡುಕಿ ವಿದ್ಯುತ್ ಕಿಡಿಯಲ್ಲಿ ಕರಗಿಸಿ ಬೆಸೆಯೋ ಸ್ಪ್ಲೈಸಿಂಗ್ ಕೆಲಸಕ್ಕೇ ಹೊತ್ತು ಹಿಡಿಯೋದು. ಅಗೆಯೋಕೆ ಮುಂಚೆ ಕೇಬಲ್ಲಿನವರಿಗೆ ತಿಳಿಸೋಕೆ ಅಂತ ಕೇಂದ್ರ ಸರ್ಕಾರ 2023ರ ಮಾರ್ಚಲ್ಲಿ ಕಾಲ್ ಬಿಫೋರ್ ಯು ಡಿಗ್ ಅನ್ನೋ ಆ್ಯಪ್ ತಂದಿದೆ. ನಿಮ್ಮ ಬೀದಿಗೆ ಬರೋ ಕಂಟ್ರಾಕ್ಟರಿಗೆ ಅದರ ಹೆಸರಾದ್ರೂ ಹೇಳಿ.

ಪ್ರಶ್ನೆ: ಎಲ್ಲಾ ಒಂದೇ ಸಾಫ್ಟ್‌ವೇರ್ ಕೈಗೆ ಕೊಟ್ಟರೆ, ಅದೇ ತಪ್ಪು ಮಾಡಿದರೆ ಗತಿ?
— ಹೈಸ್ಕೂಲ್ ಶಿಕ್ಷಕಿ, ನಂಜನಗೂಡು

ಉತ್ತರ: ಒಳ್ಳೇ ಪ್ರಶ್ನೆ ಮೇಡಂ, ಇದು ಬರೀ ಭಯ ಅಲ್ಲ, ಆಗಿದೆ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಂ ಮೂರೂ ಸುಮಾರು ಆರು ಗಂಟೆ ಮಲಗಿದ್ದು ನೆನಪಿರಬಹುದು. ಮೇಂಟೆನೆನ್ಸ್ ಹೊತ್ತಲ್ಲಿ ಕೊಟ್ಟ ಒಂದು ಕಮ್ಯಾಂಡು ಅವರ ಬೆನ್ನೆಲುಬು ನೆಟ್‌ವರ್ಕನ್ನೇ ಕತ್ತರಿಸ್ತು, ಅಂಥ ಕಮ್ಯಾಂಡ್ ತಡೀಬೇಕಾಗಿದ್ದ ಸಾಫ್ಟ್‌ವೇರಲ್ಲೇ ದೋಷ ಇತ್ತು. ಮಾರನೇ ವರ್ಷ ಜುಲೈ 8ಕ್ಕೆ ಕೆನಡಾದ ರೋಜರ್ಸ್ ಕಂಪನೀಲಿ ಒಂದು ಸೆಟ್ಟಿಂಗ್ ಬದಲಾಯಿಸಿದ್ದಕ್ಕೆ ಒಂದು ಕೋಟಿಗೂ ಮೀರಿ ಗಿರಾಕಿಗಳಿಗೆ ಫೋನು, ನೆಟ್ಟು ಎರಡೂ ಹೋಯ್ತು, ತುರ್ತು ಕರೆಗೂ ತೊಂದರೆ ಆಯ್ತು. ಅದಕ್ಕೇ ಕಂಟ್ರೋಲರನ್ನ ಒಂದೇ ಇಡಲ್ಲ, ಬೇರೆ ಬೇರೆ ಕಡೆ ಮೂರೋ ಐದೋ ಇಡ್ತಾರೆ, ಕಂಟ್ರೋಲರ್ ಸತ್ರೂ ಡಬ್ಬಗಳು ಕೊನೇಲಿ ಹೇಳಿದ್ದನ್ನೇ ಮಾಡ್ಕೊಂಡು ಹೋಗೋ ಹಾಗೆ ಕಟ್ತಾರೆ. ಸತ್ರೆ ಪರವಾಗಿಲ್ಲ, ಬದುಕಿದ್ದು ತಪ್ಪು ಆಜ್ಞೆ ಕೊಟ್ರೆ ಕಷ್ಟ. ಅದಕ್ಕೆ ಯಾವುದೇ ಬದಲಾವಣೇನ ಮೊದಲು ಒಂದು ಸಣ್ಣ ಊರಲ್ಲಿ ಮಾಡಿ ನೋಡಿ ಆಮೇಲೆ ಬೇರೆ ಕಡೆ ಹಾಕೋದು ಬಿಟ್ಟು ಬೇರೆ ಮದ್ದಿಲ್ಲ. ಆ ಸಣ್ಣ ಊರು ನಮ್ಮದೇ ಆಗ್ದೇ ಇರ್ಲಿ ಅಂತ ಬೇಡ್ಕೊಳ್ಳೋಣ.

ಪ್ರಶ್ನೆ: ಮಗಳಿಗೆ ಮನೆಯಿಂದಲೇ ಆಫೀಸ್ ಕೆಲಸ. ಏರ್‌ಫೈಬರ್ ಹಾಕಿಸೋದಾ, ಕೇಬಲ್ ಫೈಬರಾ ಅಣ್ಣ?
— ಗೃಹಿಣಿ, ಕೆ.ಆರ್. ಪೇಟೆ

ಉತ್ತರ: ಬೀದೀಲಿ ಕೇಬಲ್ ಇದ್ರೆ ಕಣ್ಮುಚ್ಕೊಂಡು ಕೇಬಲ್ ಹಾಕಿಸಿ ತಂಗಿ. ಏರ್‌ಫೈಬರ್ ಅಂದ್ರೆ ಮನೆ ಮೇಲೆ ಡಬ್ಬ ಇಟ್ಟು 5ಜಿ ಟವರಿಂದ ತಗೊಳ್ಳೋದು, ಊರಿನವರ ಫೋನುಗಳ ಜೊತೆ ಅದೇ ಟವರನ್ನ ಹಂಚ್ಕೊಳ್ಳೋದು. ಕೇಬಲ್ ಇಲ್ಲದ ಕಡೆ ತುಂಬಾ ಉಪಕಾರ, ಅದನ್ನ ಅಲ್ಲಗಳೆಯಲ್ಲ. ಹಾಕಿಸೋ ಮುಂಚೆ ಸಂಜೆ ಎಂಟರಿಂದ ಹತ್ತರೊಳಗೆ ಅದೇ ಕಂಪನಿ ಸಿಮ್ಮಲ್ಲಿ ಸ್ಪೀಡ್ ನೋಡಿ, ಬೆಳಗ್ಗೆ ಹನ್ನೊಂದಕ್ಕೆ ನೋಡಿದ್ರೆ ಏನೂ ಗೊತ್ತಾಗಲ್ಲ.

ಪ್ರಶ್ನೆ: ನಿಮ್ಮ ಜಮೀನಲ್ಲಿ 5ಜಿ ಟವರ್ ಹಾಕ್ತೀವಿ, ತಿಂಗಳಿಗೆ ಬಾಡಿಗೆ, ಮೊದಲು ಫೀಸ್ ಕಟ್ಟಿ ಅಂತ ಫೋನ್ ಬಂದದೆ. ಕಟ್ಟಾಣಾ?
— ರೈತರು, ಪಾಂಡವಪುರ

ಉತ್ತರ: ಬ್ಯಾಡಿ. ಒಂದು ರೂಪಾಯಿನೂ ಬ್ಯಾಡಿ. ಟವರ್ ಹಾಕೋರು ನಿಮಗೆ ಕೊಡ್ಬೇಕೇ ಹೊರತು ನಿಮ್ಮಿಂದ ಈಸ್ಕೊಳಲ್ಲ. ಸರ್ಕಾರದ ಅನುಮತಿ ಪತ್ರ ಅಂತ ತೋರಿಸಿದ್ರೂ ನಂಬಬೇಡಿ. ಆಗ್ಲೇ ಕಟ್ಟಿದ್ರೆ ಇವತ್ತೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಪ್ರಶ್ನೆ: ನಮ್ಮ ಪಂಚಾಯ್ತಿ ಕಟ್ಟಡಕ್ಕೆ ಸರ್ಕಾರಿ ಫೈಬರ್ ಬಂದು ಎಷ್ಟೋ ವರ್ಷ ಆಯ್ತು. ಊರಿನ ಮೊಬೈಲಿಗೆ ಅದರಿಂದ ಏನೂ ಉಪಯೋಗ ಇಲ್ಲ. ಇದನ್ನ ಟವರಿಗೆ ಸೇರಿಸೋಕಾಗಲ್ವಾ?
— ಗ್ರಾಮ ಪಂಚಾಯ್ತಿ ಸದಸ್ಯರು, ನಾಗಮಂಗಲ ತಾಲ್ಲೂಕು

ಉತ್ತರ: ಆಗುತ್ತೆ, ಆಗ್ಲೇಬೇಕು. 2011ರಲ್ಲಿ ಮಂಜೂರಾಗಿ ಆಮೇಲೆ ಭಾರತ್‌ನೆಟ್ ಅಂತ ಹೆಸರಾದ ಯೋಜನೆ ನಿಮ್ಮದು, ಅದರಲ್ಲಿ ಬಳಸದೇ ಉಳಿದಿರೋ ಎಳೆಗಳನ್ನ ಟೆಲಿಕಾಂ ಕಂಪನಿಗಳಿಗೆ ಬಾಡಿಗೆಗೆ ಕೊಡೋ ಅವಕಾಶ ಇದೆ, ಆ ಎಳೆಯನ್ನ ಊರಾಚೆ ಟವರಿಗೆ ಎಳೆದ್ರೆ ಮಳವಳ್ಳಿಯವರ ಥರದ ತೊಂದರೆ ಅರ್ಧ ತೀರುತ್ತೆ. ಕಂಪನಿಯವರು ಹಿಂದೆಮುಂದೆ ನೋಡೋದಕ್ಕೆ ಕಾರಣ, ಮೊದಲ ಹಂತದಲ್ಲಿ ಎಳೆದಿದ್ದು ಬಹುತೇಕ ಒಂದೇ ಗೆರೆ, ತಾಲ್ಲೂಕಿಂದ ಪಂಚಾಯ್ತಿಗೆ, ನಡುವೆ ಎಲ್ಲಿ ತುಂಡಾದ್ರೂ ಮುಂದಿನವರಿಗೆಲ್ಲ ಕತ್ತಲೆ. 2023ರ ಆಗಸ್ಟಲ್ಲಿ ಕೇಂದ್ರ ಸಂಪುಟ 1,39,579 ಕೋಟಿ ರೂಪಾಯಿಯ ಪರಿಷ್ಕೃತ ಯೋಜನೆಗೆ ಒಪ್ಪಿಗೆ ಕೊಡ್ತು, ಅದರಲ್ಲಿ ಈ ಗೆರೆಗಳನ್ನ ರಿಂಗ್ ಮಾಡೋದೂ ಸೇರಿದೆ. ಹಾಗಾಗಿ ಮುಂದಿನ ಸಭೇಲಿ ಕೇಳ್ಬೇಕಾಗಿರೋದು ಇಷ್ಟು: ನಮ್ಮ ಪಂಚಾಯ್ತಿ ರಿಂಗಿಗೆ ಸೇರಿದೆಯಾ ಇಲ್ಲ ಇನ್ನೂ ಗೆರೆಯಲ್ಲೇ ಇದೆಯಾ, ಎರಡನೇ ದಾರಿ ಯಾವ ರಸ್ತೇಲಿ ಬರುತ್ತೆ, ಖಾಲಿ ಎಳೆ ಎಷ್ಟಿದೆ. ಅದಕ್ಕೂ ಮುಂಚೆ ಪಂಚಾಯ್ತಿ ಕೋಣೇಲಿರೋ ಆ ಡಬ್ಬದ ಬ್ಯಾಟರಿಗೆ ಜೀವ ಇದೆಯಾ ಅಂತ ಒಂದ್ಸಲ ನೋಡಿ, ಕರೆಂಟ್ ಹೋದ ತಕ್ಷಣ ಅದೂ ಮಲಗಿದ್ರೆ ಟವರಿಗೆ ಎಳೆದೂ ಉಪಯೋಗ ಇಲ್ಲ.